ಪೊಟ್ಟಣದೊಳಗಿನ ಏಳು ಕಾಯಿ

ನಮ್ಮ ಕಚೇರಿಯಲ್ಲಿ ಎರಡು ಲಕ್ಷ ಗಿಡಗಳಿವೆ, ಒಂದಕ್ಕೂ ನೀರು ಹಾಕುವ ಕೆಲಸವಿಲ್ಲ. ಎಲ್ಲವನ್ನೂ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಕಬ್ಬಿಣದ ಬೀರುಗಳಲ್ಲಿ ಮಲಗಿಸಿದ್ದೇವೆ. ಎರಡನೇ ಮಹಡಿ, ರೈಲು ಡಬ್ಬಿಯಂಥ ಉದ್ದನೆಯ ಕೋಣೆ. ಕಿಟಕಿಗಳಿವೆ, ತೆರೆಯುವಂತಿಲ್ಲ, ಹುಳ ಬರುತ್ತದೆ. ಫ್ಯಾನ್ ಇದೆ, ಹಾಕುವಂತಿಲ್ಲ, ಎಲೆ ಹಾರುತ್ತದೆ. ನುಸಿ ಗುಳಿಗೆಯ ವಾಸನೆಗೆ ಹೊಸಬರಿಗೆ ಮೊದಲ ವಾರ ತಲೆನೋವು ಬರುತ್ತದೆ, ಎರಡನೇ ವಾರ ವಾಸನೆಯೇ ಇಲ್ಲವಲ್ಲ ಅನ್ನುತ್ತಾರೆ. ಆಮೇಲೆ ಮೂಗು ಮುಚ್ಚಿಕೊಳ್ಳುವ ಸರದಿ ಅವರ ಮನೆಯವರದು. ನಾನು ಅಲ್ಲಿ ಇಪ್ಪತ್ತಾರು ವರ್ಷದಿಂದ ಲೇಬಲ್ ಟೈಪ್ ಮಾಡುತ್ತಿದ್ದೇನೆ. ನನ್ನ ಬಗ್ಗೆ ಇಷ್ಟು ಸಾಕು.

ನನ್ನೆದುರಿನ ಮೇಜು ಗೋಂದಕ್ಕನದು. ದಿನವಿಡೀ ಗೋಂದು ಹಚ್ಚುವವಳು, ಅದಕ್ಕೇ ಆ ಹೆಸರು. ಅವಳ ಕೆಲಸ ಹೇಳುವುದಕ್ಕೆ ಸುಲಭ, ಮಾಡಲು ಕೂತರೆ ಬೆನ್ನು ಬಿದ್ದುಹೋಗುತ್ತದೆ. ಕಾಡಿನಿಂದ ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿದ ಗಿಡ ಬರುತ್ತದೆ. ಒಂದು ಎಲೆಯ ಮುಖ ಕಾಣಬೇಕು, ಇನ್ನೊಂದರ ಬೆನ್ನು ಕಾಣಬೇಕು, ಹಾಗೆ ಅದನ್ನು ಹಾಳೆಯ ಮೇಲೆ ಹೊಂದಿಸಿ, ಗೋಂದು ಹಚ್ಚಿ, ಮರಳಿನ ಚೀಲ ಹೇರಬೇಕು. ಕಾಂಡ ದಪ್ಪಗಿದ್ದರೆ ದಾರದಲ್ಲಿ ಹೊಲಿಗೆ ಹಾಕಬೇಕು. ಬಲಗಡೆ ಕೆಳಮೂಲೆಗೆ ನನ್ನ ಲೇಬಲ್: ಯಾರು ತಂದರು, ಎಲ್ಲಿಂದ, ಯಾವತ್ತು. ಹೂವೋ ಕಾಯಿಯೋ ಎಲೆಚೂರೋ ಉದುರಿದರೆ ಎಸೆಯುವಂತಿಲ್ಲ. ಕಾಗದದ ಪುಟ್ಟ ಪೊಟ್ಟಣ ಮಡಚಿ, ಅದರೊಳಗೆ ಹಾಕಿ, ಅದೇ ಹಾಳೆಯ ಮೇಲೆ ಅಂಟಿಸಬೇಕು. ಈ ಪೊಟ್ಟಣದ ವಿಷಯ ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಿ.

ಈ ವರ್ಷ ನಮ್ಮಿಬ್ಬರ ಸೊಂಟ ಮುರಿದದ್ದು ಛತ್ರಿ ಹೂವಿನ ಕುಟುಂಬ. ಹೆಸರು ಕೇಳಿ ಗಾಬರಿಯಾಗಬೇಡಿ, ನಿಮ್ಮ ಅಡುಗೆಮನೆಯ ಡಬ್ಬಿಗಳಲ್ಲೇ ಅದು ಇದೆ. ಕೊತ್ತಂಬರಿ, ಜೀರಿಗೆ, ಓಮ, ಸೋಂಪು, ಸಬ್ಬಸಿಗೆ, ಕ್ಯಾರೆಟ್ ಎಲ್ಲ ಒಂದೇ ಮನೆತನ. ಕೊತ್ತಂಬರಿಯನ್ನು ಕೀಳದೆ ಬಿಟ್ಟು ಹೂವಾದಾಗ ನೋಡಿ. ಒಂದೇ ಬಿಂದುವಿನಿಂದ ಛತ್ರಿಯ ಕಡ್ಡಿಗಳ ಹಾಗೆ ಕಡ್ಡಿಗಳು ಹೊರಡುತ್ತವೆ. ಪ್ರತಿ ಕಡ್ಡಿಯ ತುದಿಗೆ ಇನ್ನೊಂದು ಮರಿಛತ್ರಿ, ಅದರ ಕಡ್ಡಿಗಳ ತುದಿಗೆ ಐದೈದು ಎಸಳಿನ ಪುಟಾಣಿ ಹೂ. ಎಲೆ ಹರಿದು ಹರಿದು ಎಳೆಯಾದಂತೆ. ತೊಟ್ಟಿನ ಬುಡ ಅಗಲವಾಗಿ ಕಾಂಡವನ್ನು ತಬ್ಬಿಕೊಂಡಿರುತ್ತದೆ. ಕಾಂಡ ಬಹುಪಾಲು ಟೊಳ್ಳು. ಎಲೆ ಉಜ್ಜಿದರೆ ವಾಸನೆ. ತಾಪತ್ರಯ ಏನೆಂದರೆ ಮನೆಯವರೆಲ್ಲ ಒಂದೇ ಅಚ್ಚಿನವರು. ಒಂದು ಸೊಪ್ಪು, ಇನ್ನೊಂದು ವಿಷ, ಎರಡರ ಛತ್ರಿಯೂ ಒಂದೇ ಥರ. ಬರೀ ಹೂ ನೋಡಿ ಯಾರು ಯಾವ ಮನೆ ಎಂದು ಹೇಳುವುದು ಓದಿದವರ ಕೈಯಲ್ಲೂ ಆಗುವುದಿಲ್ಲ.

ಗುರುತು ಸಿಗುವುದು ಕಾಯಲ್ಲಿ. ಬಲಿತ ಕಾಯಿ ನಡುವೆ ಸೀಳಿ ಎರಡು ಹೋಳಾಗುತ್ತದೆ. ಪ್ರತಿ ಹೋಳಿನ ಬೆನ್ನಿಗೂ ಐದು ಏಣು, ಅಂದರೆ ಉಬ್ಬುಗೆರೆ. ಆ ಏಣು ಎತ್ತರವೋ ತಗ್ಗೋ, ಅಂಚಿನದು ರೆಕ್ಕೆಯಾಗಿ ಅಗಲವಾಗಿದೆಯೋ, ಏಣುಗಳ ನಡುವೆ ಎಣ್ಣೆಯ ನಾಳ ಒಂದಿದೆಯೋ ಮೂರಿದೆಯೋ, ಇದನ್ನೆಲ್ಲ ಕಾಯಿಯನ್ನು ಅಡ್ಡ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಜೀರಿಗೆಗೆ ಆ ವಾಸನೆ ಕೊಡುವುದೂ ಆ ನಾಳಗಳೇ. ಹಿಂದಿನವರು ಹೀಗೆ ಕಾಯಿ ನೋಡಿ ಒಳಪಂಗಡ ಮಾಡಿ ಜೋಡಿಸಿದ್ದರು. ಈಗಿನವರು ಜೀನ್ ನೋಡಿ, ಅರ್ಧಕ್ಕರ್ಧ ತಪ್ಪು ಎಂದರು. ಜೋಡಣೆ ಬದಲಾಯಿಸಿ ಎಂದು ಮೇಲಿನಿಂದ ಪಟ್ಟಿ ಬಂತು. ನೀರಿನಂಚಿನಲ್ಲಿ ಬೆಳೆಯುವ ದುಂಡೆಲೆಯ ಒಂದು ಪಂಗಡವನ್ನಂತೂ ಪೂರ್ತಿಯಾಗಿ ಪಕ್ಕದ ಕುಟುಂಬಕ್ಕೇ ದಾಟಿಸಿಬಿಟ್ಟಿದ್ದರು.

"ಇಷ್ಟು ವರ್ಷ ಈ ಮನೇಲಿ ಇದ್ದು ಈಗ ನೀವು ನಮ್ಮವರೇ ಅಲ್ಲ ಅಂದ್ರೆ ಅವಕ್ಕಾದ್ರೂ ಏನನ್ನಿಸ್ಬೇಕು" ಎಂದಳು ಗೋಂದಕ್ಕ, ಎದೆಗೆ ಕಟ್ಟು ಒತ್ತಿಕೊಂಡು ಏಣಿ ಇಳಿಯುತ್ತಾ.

"ಅವು ಸತ್ತು ನೂರು ವರ್ಷ ಆಯ್ತಕ್ಕಾ. ಏನೂ ಅನ್ನಿಸಲ್ಲ. ನನಗೆ ಮಂಡಿ ನೋಯ್ತಿದೆ, ಅದರ ಬಗ್ಗೆ ಯೋಚನೆ ಮಾಡು" ಎಂದೆ.

ಅವಳಿಗೆ ಐವತ್ತೇಳು ದಾಟಿತ್ತು. ನಿವೃತ್ತಿಗೆ ಎಂಟು ತಿಂಗಳು. ಈ ವಯಸ್ಸಿನಲ್ಲಿ ದಿನಕ್ಕೆ ಮೂವತ್ತು ಸಲ ಏಣಿ ಹತ್ತಿಸುವವರಿಗೆ ಏನೆನ್ನಬೇಕೋ ಗೊತ್ತಿಲ್ಲ. ಅಂದರೂ ಕೇಳುವವರು ಯಾರು.

ಆ ಕುಟುಂಬದ ಬೀರುವಿನಲ್ಲಿ ಕೆಂಪು ಕವರಿನ ಹಾಳೆ ಒಂದಿದೆ. ಹೊಸ ಜಾತಿ ಸಿಕ್ಕಿತು ಎಂದು ಮೊದಲ ಬಾರಿ ಪ್ರಕಟಿಸುವಾಗ ಯಾವ ಒಣಗಿದ ಗಿಡವನ್ನು ಮುಂದಿಟ್ಟುಕೊಂಡು ಪ್ರಕಟಿಸುತ್ತಾರೋ ಅದಕ್ಕೆ ಕೆಂಪು ಕವರು. ಆ ಹೆಸರಿಗೆ ಅದೇ ಸಾಕ್ಷಿ. ಈ ಹಾಳೆಯ ಗಿಡವನ್ನು ತಂದವನು ಗೋಂದಕ್ಕನ ಒಡಹುಟ್ಟಿದ ಅಣ್ಣ. ನಮ್ಮ ಕಚೇರಿಯ ಗಿಡ ಸಂಗ್ರಾಹಕ. ನಲವತ್ತು ವರ್ಷ ಬೆನ್ನ ಮೇಲೆ ಮರದ ಒತ್ತುಹಲಗೆ ಹೊತ್ತು ಬೆಟ್ಟ ಹತ್ತಿದವನು, ಹತ್ತನೇ ತರಗತಿ ಮುಗಿಸಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ನಮ್ಮ ದೊಡ್ಡ ಸಾಹೇಬರು, ಈಗ ಅವರಿಲ್ಲ, ಆ ಗಿಡ ಹೊಸ ಜಾತಿ ಎಂದು ಸಾರಿ, ಅಣ್ಣನ ಹೆಸರಿಗೆ ಲ್ಯಾಟಿನ್ ಬಾಲ ಸೇರಿಸಿ ಗಿಡಕ್ಕೆ ಇಟ್ಟರು. ಕೂಲಿ ಲೆಕ್ಕದಲ್ಲಿ ಸೇರಿದ ಮನುಷ್ಯನ ಹೆಸರು ಪುಸ್ತಕಕ್ಕೆ ಏರಿತು. ಅಣ್ಣ ಆ ಪುಟಕ್ಕೆ ಕಟ್ಟು ಹಾಕಿಸಿದ. ಅತ್ತಿಗೆ ತೀರಿಕೊಂಡ ಮೇಲೆ ಅಣ್ಣ ತಂಗಿ ಇಬ್ಬರೇ ಎರಡು ಕೋಣೆಯ ಮನೆಯಲ್ಲಿ ಇದ್ದರು. ಊಟದ ಮೇಜಿನ ಎದುರಿನ ಗೋಡೆಯಲ್ಲಿ ಆ ಪುಟ.

ಮೂರು ವರ್ಷದ ಹಿಂದೆ ಸಂಶೋಧನೆಗೆಂದು ಒಂದು ಹುಡುಗಿ ಬಂದಳು. ಛತ್ರಿ ಕುಟುಂಬದ್ದೇ ವಿಷಯ. ಕೆಂಪು ಕವರಿನ ಗಿಡ ಯಾವ ಒಳಪಂಗಡಕ್ಕೆ ಸೇರಬೇಕು ಎಂಬುದು ಅವಳ ಪ್ರಶ್ನೆ. ಎಲೆ ನೋಡಿದರೆ ಬೆಟ್ಟದ ಮೇಲಿನ ಒಂದು ಸಾಮಾನ್ಯ ಗಿಡದ ಹತ್ತಿರದ್ದು, ಕಾಯಿ ನೋಡಿದರೆ ಒಣ ಇಳಿಜಾರಿನ ಬೇರೊಂದು ಪಂಗಡದ ಹಾಗೆ ಚಪ್ಪಟೆ, ಅಂಚಿಗೆ ರೆಕ್ಕೆ. ಎರಡೂ ಒಂದೇ ಗಿಡದಲ್ಲಿ ಇದೆ ಎಂದರೆ ದೊಡ್ಡ ವಿಷಯವಂತೆ. ಹಾಳೆಯ ಎಲೆಯಿಂದ ಜೀನ್ ತೆಗೆಯಲು ನೋಡಿದಳು, ಬರಲಿಲ್ಲ. ಮಳೆಯಲ್ಲಿ ಗಿಡ ಕೊಳೆಯಬಾರದೆಂದು ಅಣ್ಣ ಪತ್ರಿಕೆಯ ಕಟ್ಟಿಗೆ ಸ್ಪಿರಿಟ್ ಸುರಿಯುತ್ತಿದ್ದ, ಸ್ಪಿರಿಟ್ ಬಿದ್ದ ಎಲೆಯಲ್ಲಿ ಜೀನ್ ಪುಡಿಯಾಗಿಬಿಡುತ್ತದೆ. ಪೊಟ್ಟಣದಲ್ಲಿ ಇದ್ದದ್ದು ಏಳೇ ಕಾಯಿ, ಕೆಂಪು ಕವರಿನದು, ಒಂದನ್ನೂ ಹಾಳು ಮಾಡುವಂತಿಲ್ಲ. ಉಳಿದ ದಾರಿ ಒಂದೇ: ಜೀವಂತ ಗಿಡ ಹುಡುಕುವುದು. ಇಪ್ಪತ್ತೆರಡು ವರ್ಷದಲ್ಲಿ ಅದನ್ನು ಇನ್ನೊಬ್ಬರು ಕಂಡಿರಲಿಲ್ಲ.

ಹುಡುಗಿ ಹತ್ತಿದಳು. ಮೂರು ಮಳೆಗಾಲ ಹತ್ತಿದಳು. ಹೂ ಬಿಡುವಾಗ ಎರಡು ಸಲ, ಕಾಯಿ ಬಲಿಯುವಾಗ ಎರಡು ಸಲ. ಪ್ರತಿ ಸಲ ಬರಿಗೈಯಲ್ಲಿ ಬಂದು, ಒದ್ದೆ ಬೂಟು ಬಾಗಿಲಲ್ಲಿ ಬಿಚ್ಚಿ, ಗೋಂದಕ್ಕನ ಮೇಜಿನ ಪಕ್ಕದ ಸ್ಟೂಲಿನಲ್ಲಿ ಕುಸಿಯುತ್ತಿದ್ದಳು. ಗೋಂದಕ್ಕ ಅವಳಿಗೆ ಫ್ಲಾಸ್ಕಿನ ಚಹಾ ಬಗ್ಗಿಸಿ ಕೊಡುತ್ತಿದ್ದಳು. ಮಾತಿಲ್ಲ. ಮೊದಲೇ ಮಾತು ಕಡಿಮೆ ಹೆಂಗಸು, ನಾನು ಅದಕ್ಕೇನೂ ಅರ್ಥ ಕಟ್ಟಲಿಲ್ಲ.

ಒಮ್ಮೆ ಹುಡುಗಿ ಅಣ್ಣನ ಕಾಡಿನ ಟಿಪ್ಪಣಿ ಪುಸ್ತಕ ಕೇಳಿದಳು. ಹುಡುಕಿ ಕೊಟ್ಟೆ. ಬೇಕಾದ ಪುಟವೇ ಇಲ್ಲ. "ಬೆಳ್ಳಿಹುಳ ತಿಂದಿರ್ಬೇಕು" ಎಂದೆ. ಬೆಳ್ಳಿಹುಳ ಹಾಗೆ ನೇರವಾಗಿ ಹೊಲಿಗೆಯ ಗುಂಟ ತಿನ್ನುವುದಿಲ್ಲ ಎಂದು ಇಪ್ಪತ್ತಾರು ವರ್ಷ ಕಾಗದದ ನಡುವೆ ಬದುಕಿದವನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ದಿನಕ್ಕೆ ಅರವತ್ತು ಲೇಬಲ್ ಟೈಪ್ ಮಾಡಿದ ತಲೆಯಲ್ಲಿ ಏನು ಹೊಳೆಯುತ್ತದೆ ಹೇಳಿ.

ಈ ಮಳೆಗಾಲದಲ್ಲಿ ಒಂದು ಶುಕ್ರವಾರ ಹುಡುಗಿ ಎಡಗೈಗೆ ಪಟ್ಟಿ ಸುತ್ತಿಕೊಂಡು ಬಂದಳು. ಬಂಡೆಯ ಮೇಲಿಂದ ಜಾರಿದ್ದಳು. ಮೊಣಕೈ ಊದಿ ಕುಂಬಳಕಾಯಿ ಆಗಿತ್ತು. ಮುಖ ಬಾಡಿತ್ತು, ತುಟಿ ಒಡೆದಿತ್ತು.

"ಸೋಮವಾರ ಮತ್ತೆ ಹೋಗ್ತೀನಿ ಅಕ್ಕಾ. ಕಾಯಿ ಬಲಿಯೋದು ಈಗಲೇ. ಐದು ತಿಂಗಳಲ್ಲಿ ನನ್ನ ವಿದ್ಯಾರ್ಥಿವೇತನ ಮುಗಿಯುತ್ತೆ. ಈ ಸಲ ಬಿಟ್ರೆ ಇನ್ನಿಲ್ಲ."

"ಒಂದೇ ಕೈಯಲ್ಲಾ" ಎಂದೆ ನಾನು.

"ಹತ್ತೋಕೆ ಕಾಲು ಸಾಕು. ಇನ್ನು ಎಷ್ಟು ಸಲ ಬರಿಗೈಲಿ ಬಂದ್ರೂ ಅಷ್ಟೇ ಅನ್ನೋ ಹಾಗಾಗಿದೆ ನನಗೆ. ಆದ್ರೂ ಗಿಡ ಇರೋದಂತೂ ನಿಜ ಅಲ್ವಾ. ಹಾಳೆ ಮೇಲಿದೆಯಲ್ಲ."

ಅವಳು ಹೋದ ಮೇಲೆ ಗೋಂದಕ್ಕ ಒಂದು ಗಿಡವನ್ನು ತಲೆಕೆಳಗಾಗಿ ಅಂಟಿಸಿದಳು. ಬೇರು ಮೇಲೆ, ಹೂ ಕೆಳಗೆ. ಅಷ್ಟು ವರ್ಷದಲ್ಲಿ ಅಂಥದ್ದನ್ನು ನಾನು ನೋಡಿರಲಿಲ್ಲ. ತಮಾಷೆ ಮಾಡೋಣ ಎಂದು ಬಾಯಿ ತೆರೆದೆ. ಅವಳು ಬೆರಳ ತುದಿಯ ಒಣಗೋಂದು ಸುಲಿಯುತ್ತಾ ಕೂತಿದ್ದಳು, ಸುಲಿದು ಸುಲಿದು ಚರ್ಮಕ್ಕೆ ಬಂದಿತ್ತು.

"ಆ ಗಿಡ ಇಲ್ಲ ತಮ್ಮಾ" ಎಂದಳು.

"ಯಾವ ಗಿಡ?"

"ಅಣ್ಣನ ಗಿಡ. ಆ ಥರ ಗಿಡ ಎಲ್ಲೂ ಇಲ್ಲ. ಇದ್ರೆ ತಾನೇ ಆ ಹುಡುಗಿಗೆ ಸಿಗೋದು."

ಆಮೇಲೆ ಹೇಳಿದಳು. ಅಣ್ಣ ಆ ಗಿಡ ತಂದಾಗ ಅವಳದು ಹಂಗಾಮಿ ನೌಕರಿ. ಬೆಳಗಾದರೆ ದೊಡ್ಡ ಸಾಹೇಬರು ಕೆಲಸ ನೋಡಿ ಖಾಯಂ ಮಾಡುವುದೋ ಬಿಡುವುದೋ ಎಂದು ತೀರ್ಮಾನಿಸಬೇಕು, ಸಂಜೆಯೊಳಗೆ ನಲವತ್ತು ಹಾಳೆ ಮುಗಿಯಬೇಕು. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಗಿಡ, ಪತ್ರಿಕೆ ಬಿಚ್ಚುವ ಮೊದಲೇ ಪೊಟ್ಟಣ ಮಡಚಿರಬೇಕು, ಇದು ನಮ್ಮ ಕೆಲಸದ ಮೊದಲ ಪಾಠ. ಗೋಂದಕ್ಕ ಅವತ್ತು ಅವಸರಕ್ಕೆ ಎರಡು ಪತ್ರಿಕೆ ಒಟ್ಟಿಗೆ ಬಿಚ್ಚಿದಳು. ಎರಡೂ ಛತ್ರಿ ಹೂವಿನವೇ. ಒಂದು ಅಣ್ಣನದು, ಇನ್ನೊಂದು ಯಾರೋ ಒಣ ಇಳಿಜಾರಿನಿಂದ ತಂದದ್ದು. ಅಂಟಿಸಿ ಮುಗಿದ ಮೇಲೆ ನೋಡಿದರೆ ಮೇಜಿನ ಮೇಲೆ ಏಳು ಕಾಯಿ. ಯಾವುದರದ್ದು? ಅಣ್ಣನ ಹಾಳೆ ಹತ್ತಿರ ಇತ್ತು. ಬ್ರಷ್ಷಿನಲ್ಲಿ ಗುಡಿಸಿ, ಪೊಟ್ಟಣಕ್ಕೆ ಹಾಕಿ, ಅದರ ಮೇಲೆ ಅಂಟಿಸಿದಳು. ಒಂದೇ ಗಿಡದಲ್ಲಿ ನಡುವಿನ ಛತ್ರಿ ಕಾಯಿ ಬಿಟ್ಟಿರುವಾಗ ಪಕ್ಕದವು ಇನ್ನೂ ಹೂವಾಗಿರುವುದು ಈ ಕುಟುಂಬದಲ್ಲಿ ಮಾಮೂಲು, ಹಾಗಾಗಿ ಸಾಹೇಬರಿಗೂ ಅನುಮಾನ ಬರಲಿಲ್ಲ. ಈ ಎಲೆಗೆ ಈ ಕಾಯಿ ಎಲ್ಲೂ ಕಂಡಿಲ್ಲ ಎಂದರು. ಹೊಸ ಜಾತಿ ಹುಟ್ಟಿತು.

"ಯಾವಾಗ ಗೊತ್ತಾಯ್ತು ನಿನಗೆ?"

"ಪುಸ್ತಕ ಬಂದಾಗ. ಕಾಯಿ ಚಿತ್ರ ದೊಡ್ಡದಾಗಿ ಬರೆಸಿದ್ರು. ನೋಡಿದ ತಕ್ಷಣ ಓಡಿಹೋಗಿ ಇನ್ನೊಂದು ಹಾಳೆ ತೆಗೆದು ನೋಡಿದೆ. ಅದರ ಛತ್ರೀಲಿ ಅದೇ ಕಾಯಿ, ಉದುರಿ ಬರೀ ಕಡ್ಡಿ ಉಳಿದಿರೋ ಜಾಗಾನೂ ಕಾಣುತ್ತೆ. ಮನೆಗೆ ಬಂದ್ರೆ ಅಣ್ಣ ಹೊಸ ಷರಟು ಹಾಕ್ಕೊಂಡು ಕೂತಿದ್ದ. ಹೇಗೆ ಹೇಳ್ಲಿ?"

ನನಗೆ ಸಿಟ್ಟು ಬಂತು. ಸುಳ್ಳೇಕೆ ಹೇಳಲಿ. ನನ್ನೆದುರು ಅಷ್ಟು ವರ್ಷ ಕೂತು, ನನ್ನ ಊಟದ ಡಬ್ಬಿಯಿಂದ ತೆಗೆದು ತಿಂದು, ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಮೂರು ವರ್ಷದಿಂದ ಆ ಹುಡುಗಿಗೆ ಚಹಾ ಬಗ್ಗಿಸಿ ಕೊಟ್ಟು ಕಳಿಸುತ್ತಿದ್ದಳು. ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಬೈಸಿಕೊಳ್ಳುವವರು ಹಾಗೆ ಕೂತರೆ ಬೈಯುವವನಿಗೇ ಸುಸ್ತಾಗುತ್ತದೆ, ನಿಲ್ಲಿಸಿದೆ.

"ಸೋಮವಾರದೊಳಗೆ ಹೇಳ್ಬೇಕು" ಎಂದಳು. "ಮೊದಲು ಅಣ್ಣನಿಗೆ. ಅವನ ಹೆಸರು ಹೋಗುತ್ತೆ ಅಂತ ಅವನಿಗೆ ಬೇರೆಯವರ ಬಾಯಿಂದ ಗೊತ್ತಾಗಬಾರದು. ನೀನೂ ಬಾ. ಒಬ್ಬಳೇ ಇದ್ರೆ ಬಾಗಿಲಲ್ಲೇ ಮನಸ್ಸು ಬದಲಾಯಿಸ್ತೀನಿ."

ನನ್ನ ಸ್ಕೂಟರಿನಲ್ಲಿ ಹೋದೆವು. ಮೂರನೇ ಮಹಡಿ, ಲಿಫ್ಟ್ ಕೆಟ್ಟು ವರ್ಷವಾಗಿತ್ತು. ಅಣ್ಣ ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಎಪ್ಪತ್ತೊಂದು ವರ್ಷ. ಶ್ವಾಸಕೋಶ ಕೈಕೊಟ್ಟಿತ್ತು, ನಾಲ್ಕು ಮಾತಿಗೆ ಒಮ್ಮೆ ನಿಲ್ಲಿಸಿ ಉಸಿರು ಹುಡುಕಿಕೊಳ್ಳಬೇಕಿತ್ತು. ಬೆಟ್ಟಗಳನ್ನೇ ಹತ್ತಿದವನು ಬಚ್ಚಲಿನವರೆಗೆ ಗೋಡೆ ಹಿಡಿದು ಹೋಗುತ್ತಿದ್ದ. "ಏನಪ್ಪಾ ಟೈಪು, ದಾರಿ ತಪ್ಪಿ ಬಂದ್ಯಾ" ಎಂದು ನನ್ನನ್ನು ಕೇಳಿದ. ನಾನು ಹೂಂ ಎಂದೆ.

ಗೋಂದಕ್ಕ ಚೀಲ ಕೆಳಗಿಡದೆ ನಿಂತೇ ಹೇಳಿದಳು. ಎರಡು ಪತ್ರಿಕೆ, ಏಳು ಕಾಯಿ, ಬ್ರಷ್ಷು. ಒಂದನ್ನೂ ಮುಚ್ಚಿಡಲಿಲ್ಲ, ತನ್ನ ನೌಕರಿಯ ಅವಸರವನ್ನು ನೆಪವಾಗಿ ಮುಂದಿಡಲೂ ಇಲ್ಲ. ಕೊನೆಗೆ, "ನಿನ್ನ ಹೆಸರು ನಾನೇ ಹಾಳು ಮಾಡಿದೆ ಅಣ್ಣ" ಎಂದಳು.

ಅಣ್ಣ ಗೋಡೆಯ ಮೇಲಿನ ಪುಟದ ಕಡೆ ನೋಡಿದ.

"ನನಗೆ ಗೊತ್ತು" ಎಂದ.

"ಏನು ಗೊತ್ತು?"

"ಕೊಯ್ದವನು ನಾನು. ಆ ಗಿಡದಲ್ಲಿ ಕಾಯಿ ಇರ್ಲಿಲ್ಲ. ಬರೀ ಹೂ. ಟಿಪ್ಪಣಿ ಪುಸ್ತಕದಲ್ಲಿ ಹಾಗೇ ಬರೆದಿದ್ದೆ." ಉಸಿರು ಎಳೆದುಕೊಂಡ. "ಸಾಹೇಬ್ರು ಬಂದು, ನಿನ್ನ ಹೆಸರಿಡ್ತೀನಿ ಕಣೋ ಅಂದ್ರು. ಕಾಯಿ ಚಿತ್ರ ತೋರಿಸಿದ್ರು. ಆ ಕಾಯಿ ನೋಡಿದ್ನಲ್ಲ, ಇದು ನನ್ನ ಗಿಡದ್ದಲ್ಲ ಅಂತ ಅಲ್ಲೇ ಗೊತ್ತಾಯ್ತು. ನಿನ್ನ ಮೇಜಿನ ಮೇಲೆ ಸೇರಿಕೊಂಡಿದೆ ಅಂತಾನೂ ಗೊತ್ತಾಯ್ತು. ಮಾರನೇ ದಿನ ಪುಸ್ತಕ ತಿದ್ದಬೇಕು ಅಂತ ಇಸ್ಕೊಂಡು ಬಂದು ಆ ಪುಟ ಹರಿದುಹಾಕ್ದೆ."

ಗೋಂದಕ್ಕ ಚೀಲ ಜಾರಿಬೀಳುವುದನ್ನೂ ಗಮನಿಸಲಿಲ್ಲ. "ನನ್ನ ನೌಕರಿ ಹೋಗುತ್ತೆ ಅಂತ ಸುಮ್ಮನಿದ್ದ್ಯಾ?"

"ಹಾಗೆ ಅಂದ್ರೆ ಕೇಳೋಕೆ ಚೆನ್ನಾಗಿರುತ್ತೆ. ಇಲ್ಲ ಕಣೇ. ನನಗೆ ಆ ಹೆಸರು ಬೇಕಿತ್ತು. ಅಷ್ಟು ವರ್ಷ ನಾನು ತಂದ ಗಿಡಕ್ಕೆಲ್ಲ ಅವರಿವರ ಹೆಸರು. ಒಂದಕ್ಕೆ ನಂದಿರ್ಲಿ ಅನ್ನಿಸ್ತು. ಅಷ್ಟೇ."

ಅವಳ ಮುಖ ನೋಡಲಾಗಲಿಲ್ಲ ನನಗೆ. ಇನ್ನೊಬ್ಬರ ಮನೆಯ ಇಂಥ ಮಾತಿನ ನಡುವೆ ಕೈಕಾಲು ಎಲ್ಲಿಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ. ಕಿಟಕಿಯ ಹೊರಗೆ ಒಣಹಾಕಿದ ಬಟ್ಟೆ ಎಣಿಸಿದೆ.

"ಇಪ್ಪತ್ತೆರಡು ವರ್ಷ" ಎಂದಳು ಗೋಂದಕ್ಕ. ದನಿ ಏರಿಸಲಿಲ್ಲ. "ಇದೇ ಮೇಜಲ್ಲಿ ನಿನ್ನ ಎದುರಿಗೆ ಕೂತು ಉಂಡಿದ್ದೀನಿ. ಒಂದು ದಿನ ಒಂದು ತುತ್ತು ಸಲೀಸಾಗಿ ಇಳಿದಿಲ್ಲ. ಅಣ್ಣನಿಗೆ ಮೋಸ ಮಾಡ್ತಿದ್ದೀನಿ ಅಂತ. ನೀನು ನೋಡ್ತಾನೇ ಇದ್ದೆ. ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?"

"ಹೇಳಿದ್ರೆ ನೀನು ಅವತ್ತೇ ಹೋಗಿ ಸಾಹೇಬ್ರಿಗೆ ಹೇಳಿಬಿಡ್ತಿದ್ದೆ. ನನಗೆ ಗೊತ್ತಿಲ್ವಾ ನೀನು."

ಅದು ನಿಜವಿರಬೇಕು, ಅವಳು ಬಿದ್ದ ಚೀಲ ಎತ್ತಿ ಮೇಜಿನ ಮೇಲಿಟ್ಟಳು. ಅಣ್ಣ ದಿಂಬಿಗೆ ಒರಗಿ ಕಣ್ಣು ಮುಚ್ಚಿದ. "ನಾನು ಹೋದ್ಮೇಲೆ ಹೇಳ್ಕೋ" ಎಂದ. "ಜಾಸ್ತಿ ದಿನ ಕಾಯಿಸಲ್ಲ. ಡಾಕ್ಟರು ಬಾಯಿಬಿಟ್ಟು ಹೇಳಿಲ್ಲ, ಮುಖದಲ್ಲಿ ಹೇಳಿದ್ದಾನೆ. ಅಲ್ಲಿವರೆಗೂ ಇರ್ಲಿ ಬಿಡು."

"ಆ ಹುಡುಗಿ ಸೋಮವಾರ ಮತ್ತೆ ಹತ್ತುತ್ತಾಳೆ."

"ಯಾವ ಹುಡುಗಿ?"

ಅವನಿಗೆ ಹುಡುಗಿಯ ಸುದ್ದಿಯೇ ಗೊತ್ತಿರಲಿಲ್ಲ. ಗೋಂದಕ್ಕ ಮನೆಯಲ್ಲಿ ಆ ಗಿಡದ ಮಾತೇ ಎತ್ತುತ್ತಿರಲಿಲ್ಲ. ನಾನೇ ಹೇಳಿದೆ. ಅಣ್ಣ ಕಣ್ಣು ತೆರೆದ.

"ಯಾವ ಕಡೆಯಿಂದ ಹತ್ತುತ್ತಾಳೆ? ತೊರೆ ಕಡೆಯಿಂದಲೋ, ಬಂಡೆ ಕಡೆಯಿಂದಲೋ?"

"ಬಂಡೆ ಕಡೆಯಿಂದ. ಅಲ್ಲೇ ಜಾರಿ ಕೈ ಮುರ್ಕೊಳ್ಳೋದು ಸ್ವಲ್ಪದರಲ್ಲಿ ತಪ್ಪಿದೆ."

"ಮಳೇಲಾ?"

"ಮಳೇಲೇ."

"ಎಷ್ಟು ಸಲ ಹತ್ತಿದ್ದಾಳೆ?"

"ಹನ್ನೊಂದು" ಎಂದಳು ಗೋಂದಕ್ಕ. ಅವಳು ಎಣಿಸಿಟ್ಟಿದ್ದಳು.

ಅಣ್ಣ ಕೈಯಿಂದ ಮಂಡಿ ಸವರಿಕೊಂಡ. ಆ ಬಂಡೆಯ ಮೇಲೆ ನಲವತ್ತು ಕಿಲೋ ಹೊತ್ತು ನಡೆದವನಿಗೆ ಹನ್ನೊಂದು ಅಂದರೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾಕಿದ ಹೆಜ್ಜೆ ಹಿಂದೆ ಜಾರುತ್ತದೆ, ಜಿಗಣೆ ಕಾಲ್ಚೀಲದೊಳಗೆ ಇಳಿಯುತ್ತದೆ, ಮೇಲೆ ಹೋದರೆ ಮಂಜು, ಎದುರಿನ ಗಿಡ ಕಾಣುವುದಿಲ್ಲ. ಅವನೇ ನನಗೆ ಎಷ್ಟೋ ಸಲ ಹೇಳಿದ್ದ.

"ಇಲ್ಲದ ಗಿಡಕ್ಕೆ ಹನ್ನೊಂದು ಸಲ" ಎಂದ. "ನಾನಾಗಿದ್ರೆ ಮೂರನೇ ಸಲಕ್ಕೇ ಬಿಟ್ಟುಬಿಡ್ತಿದ್ದೆ." ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದ. "ನಾಳೆನೇ ಹೇಳಿಬಿಡು. ಪುಟ ಹರಿದವನು ನಾನು ಅಂತಾನೂ ಹೇಳು. ನೀರು ಕೊಡು."

ಶನಿವಾರ ಬೆಳಗ್ಗೆ ಹುಡುಗಿಯನ್ನು ಕರೆಸಿದೆವು. ಎರಡೂ ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಗೋಂದಕ್ಕ ಮತ್ತೆ ಮೊದಲಿನಿಂದ ಹೇಳಿದಳು. ಹುಡುಗಿ ಪೊಟ್ಟಣ ಬಿಚ್ಚಿ ಒಂದು ಕಾಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು, ಒಣ ಇಳಿಜಾರಿನ ಹಾಳೆಯ ಕಾಯನ್ನು ಅದರ ಪಕ್ಕದಲ್ಲಿಟ್ಟಳು. ಒಂದೇ ಕೈಯಲ್ಲಿ ಮಾಡಬೇಕಾಗಿದ್ದರಿಂದ ತಡವಾಯಿತು. ನೋಡಿ ಮುಗಿದ ಮೇಲೂ ಕಣ್ಣು ತೆಗೆಯಲಿಲ್ಲ.

ಕಥೆಗಳಲ್ಲಾದರೆ ಹುಡುಗಿ ಗೋಂದಕ್ಕನ ಕೈ ಹಿಡಿದು ಪರವಾಗಿಲ್ಲ ಅನ್ನುತ್ತಿದ್ದಳು. ಇವಳು ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

"ಮೂರು ವರ್ಷ ಅಕ್ಕಾ" ಎಂದಳು. "ಪ್ರತಿ ಸಲ ಇಲ್ಲಿ ಬಂದು ಕೂತಾಗ ನೀವು ಚಹಾ ಕೊಟ್ರಿ. ನನ್ನ ಕೈಯಿಂದ ಬೂಟು ಇಸ್ಕೊಂಡು ಒಣಗೋಕಿಟ್ರಿ. ಇಷ್ಟು ಹೇಳೋಕೆ ಬಾಯಿ ಬರ್ಲಿಲ್ವಾ ನಿಮಗೆ?"

"ಬರ್ಲಿಲ್ಲ ಮಗಳೇ" ಎಂದಳು ಗೋಂದಕ್ಕ.

ಹುಡುಗಿ ಮುಖ ತಿರುಗಿಸಿ ಅತ್ತಳು. ನೋವಿಗೋ ಸಿಟ್ಟಿಗೋ, ಎರಡಕ್ಕೂ ಇರಬೇಕು. ಆಮೇಲೆ ಮೂಗೊರೆಸಿಕೊಂಡು, ಇದೆಲ್ಲ ಬರವಣಿಗೆಯಲ್ಲಿ ಬೇಕು ಎಂದಳು. ಹೆಸರನ್ನು ಕೆಳಗಿಳಿಸಬೇಕಾದರೆ ಹಾಳೆಯ ಮೇಲೆ ಚೀಟಿ ಬೇಕು. ನಮ್ಮಲ್ಲಿ ಹಳೆಯ ಚೀಟಿ ಕೀಳುವಂತಿಲ್ಲ, ತಪ್ಪಿದ್ದರೂ ಇದ್ದಲ್ಲೇ ಇರಬೇಕು. ತಪ್ಪು ಎಂದವನು ಅದರ ಪಕ್ಕದಲ್ಲಿ ತನ್ನ ಚೀಟಿ ಅಂಟಿಸಬೇಕು. ಹಾಗೆಯೇ ಆ ಗಿಡದ ಹೆಸರೂ ಪೂರ್ತಿ ಅಳಿಯುವುದಿಲ್ಲ, ಎಲೆ ಯಾವುದರದೋ ಆ ಬೆಟ್ಟದ ಸಾಮಾನ್ಯ ಗಿಡದ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ, ಹೀಗೂ ಒಮ್ಮೆ ಕರೆದಿದ್ದರು ಎಂಬಂತೆ ಉಳಿಯುತ್ತದೆ.

ವಿಭಾಗದ ಮುಖ್ಯಸ್ಥರಿಗೆ ಹೇಳಿದಾಗ ಅವರ ಮುಖ ಹುಳ್ಳಗಾಯಿತು. ಕಚೇರಿಯ ಮರ್ಯಾದೆ, ತೀರಿಹೋದ ಸಾಹೇಬರ ಮರ್ಯಾದೆ ಎಂದೆಲ್ಲ ಗೊಣಗಿ, ಕೊನೆಗೆ, "ಸಿಬ್ಬಂದಿಯ ಅಚಾತುರ್ಯದಿಂದ ಅಂತ ಹಾಕಿ. ಹೆಸರೇನೂ ಬೇಡ. ಇನ್ನು ಎಂಟು ತಿಂಗಳು, ಸುಮ್ಮನೆ ಯಾಕೆ" ಎಂದರು. ಒಳ್ಳೆಯದಕ್ಕೇ ಅಂದದ್ದು.

"ಯಾರು ಅಂತ ಇಲ್ಲದಿದ್ರೆ ಅದು ಸಾಕ್ಷಿ ಆಗಲ್ಲ ಸಾರ್" ಎಂದಳು ಹುಡುಗಿ, ನಮ್ಮ ಯಾರ ಮುಖವನ್ನೂ ನೋಡದೆ.

ಗೋಂದಕ್ಕ ನನ್ನ ಕಡೆ ತಿರುಗಿ, "ಟೈಪ್ ಮಾಡು ತಮ್ಮಾ" ಎಂದಳು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬಡಿದೆ. ಪೊಟ್ಟಣದಲ್ಲಿರುವ ಕಾಯಿ ಈ ಗಿಡದ್ದಲ್ಲ. ಅಂಟಿಸುವಾಗ ಬೇರೆ ಹಾಳೆಯ ಕಾಯಿ ಸೇರಿದೆ. ಸೇರಿಸಿದವಳು ನಾನು. ಚೀಟಿಯ ಕೆಳಗೆ ಅವಳು ಸಹಿ ಹಾಕಿದಳು, ಪೂರ್ತಿ ಹೆಸರು ಬಿಡಿಸಿ. ಅಲ್ಲಿಯವರೆಗೆ ನನಗೇ ತಲೆಗೆ ಹೋಗಿರಲಿಲ್ಲ: ಗಿಡ ತಂದವರ ಹೆಸರು ಹಾಳೆಯ ಮೇಲೆ ಇರುತ್ತದೆ, ಗುರುತು ಹಿಡಿದವರ ಹೆಸರು ಇರುತ್ತದೆ, ಅಂಟಿಸಿದವರದು ಎಲ್ಲೂ ಬರುವುದಿಲ್ಲ. ಮೂವತ್ತು ಸಾವಿರ ಹಾಳೆಗೆ ಗೋಂದು ಹಚ್ಚಿದವಳು ತನ್ನ ಹೆಸರಿಗೆ ಗೋಂದು ಹಚ್ಚಿದ್ದು ಅದೊಂದೇ ಸಲ. ಮೂಲೆ ಏಳದಂತೆ ಒತ್ತಿ, ಮರಳಿನ ಚೀಲ ಇಟ್ಟಳು. ಹುಡುಗಿ ಬೆಟ್ಟಕ್ಕೆ ಹೋಗಲಿಲ್ಲ. ಗೋಂದಕ್ಕನ ಪಕ್ಕದ ಸ್ಟೂಲಿಗೂ ಮತ್ತೆ ಬರಲಿಲ್ಲ.

ಅವತ್ತು ಮಧ್ಯಾಹ್ನ ಗೋಂದಕ್ಕನನ್ನು ಮನೆಗೆ ಬಿಡಲು ಹೋದೆ. ಮೂರು ಮಹಡಿಯಲ್ಲಿ ನಾಲ್ಕು ಸಲ ನಿಂತು ಸುಧಾರಿಸಿಕೊಂಡಳು. ಅಣ್ಣ ಎದ್ದು ಕೂತು ಕಾಯುತ್ತಿದ್ದ.

"ಅಂಟಿಸಿದ್ಯಾ?"

"ಹೂಂ."

"ಏನಂತ ಬರೆದೆ?"

ಅವಳು ಅಕ್ಷರ ಬಿಡದೆ ಒಪ್ಪಿಸಿದಳು. ಅಣ್ಣ ಕಿವಿಗೊಟ್ಟು ಕೇಳಿದ.

"ಸಹಿ ಯಾರದ್ದು ಹಾಕಿದ್ರು?"

"ನಂದೇ."

"ಅಲ್ಲೇ? ನನ್ನ ಲೇಬಲ್ ಪಕ್ಕದಲ್ಲೇ?"

"ಅಲ್ಲೇ."

ಅಣ್ಣ ಉಸಿರಿಗಾಗಿ ಕಾದ. "ಅಂತೂ ಇಬ್ಬರ ಹೆಸರೂ ಒಂದೇ ಹಾಳೇಲಿ ಬಂತು ಅನ್ನು" ಎಂದ.

ಗೋಂದಕ್ಕ ಚಪ್ಪಲಿಯನ್ನೂ ಬಿಚ್ಚದೆ ಅವನ ಮಂಚದ ತುದಿಯಲ್ಲಿ ಕೂತು ಅತ್ತಳು.